ಗ್ಲೋರಿಯಾ ಗ್ರಹಾಂ ಅಂದ್ರೆ ಬರೀ ಕಾಫಿ ಸೀನಾ?

ಹಳೇ ಬ್ಲ್ಯಾಕ್ ಅಂಡ್ ವೈಟ್ ಕ್ರೈಂ ಪಿಕ್ಚರ್ ಹುಚ್ಚಿರೋರ ಹತ್ರ ಹಾಲಿವುಡ್ ನಟಿ ಗ್ಲೋರಿಯಾ ಗ್ರಹಾಂ ಹೆಸ್ರೆತ್ತಿ ನೋಡಿ, "ಓ, ಮುಖಕ್ಕೆ ಕಾಫಿ ಎರಚಿಸ್ಕೊಂಡೋಳಾ" ಅಂತಾರೆ. ಹೌದು ಮಾರಾಯ್ರೇ, 1953ರ 'ದಿ ಬಿಗ್ ಹೀಟ್'ನಲ್ಲಿ ವಿಲನ್ ಲೀ ಮಾರ್ವಿನ್ ಅವಳಿಗೆ ಕುದಿಯೋ ಕಾಫಿ ಎರಚ್ತಾನೆ, ಆದ್ರೆ ಕಾಫಿ ಮುಖಕ್ಕೆ ಬೀಳೋದನ್ನ ಡೈರೆಕ್ಟರ್ ಫ್ರಿಟ್ಜ್ ಲಾಂಗ್ ತೋರ್ಸೋದೇ ಇಲ್ಲ, ನಮಗೆ ಕೇಳೋದು ಅವಳ ಕಿರುಚಾಟ ಅಷ್ಟೇ. ನನಗೆ ಮುಖ್ಯ ಅನ್ಸೋದು ಅದಾದ್ಮೇಲಿನದು. ಅರ್ಧ ಮುಖಕ್ಕೆ ಬ್ಯಾಂಡೇಜ್ ಸುತ್ಕೊಂಡು ಉಳಿದರ್ಧದಲ್ಲೇ ಪಿಕ್ಚರ್ ಪೂರ್ತಿ ಕಿತ್ಕೊಂಡು ಹೋಗ್ತಾಳೆ, ಹೀರೋ ಗ್ಲೆನ್ ಫೋರ್ಡ್ ಪಾಪ ಪಕ್ಕದಲ್ಲಿ ನಿಂತಿರ್ತಾನೆ.

ಆದ್ರೂ ಅದಲ್ಲ ಅವಳ ಬೆಸ್ಟು. 1950ರ 'ಇನ್ ಎ ಲೋನ್ಲಿ ಪ್ಲೇಸ್' ನೋಡಿ. ಕೊಲೆ ಅನುಮಾನ ಇರೋ ರೈಟರ್ ಆಗಿ ಹಂಫ್ರಿ ಬೋಗಾರ್ಟ್, ಅವನ ಪರವಾಗಿ ಪೊಲೀಸರ ಮುಂದೆ ಹೇಳಿಕೆ ಕೊಡೋ ಪಕ್ಕದ್ಮನೆಯೋಳು ಇವಳು, ಆಮೇಲೆ ಅವನನ್ನೇ ಪ್ರೀತಿಸ್ತಾಳೆ, ಆಮೇಲೆ ಅವನನ್ನ ಕಂಡ್ರೇ ಭಯ ಶುರುವಾಗುತ್ತೆ. ಆ ಭಯಕ್ಕೆ ದೊಡ್ಡ ಡೈಲಾಗೇನೂ ಇಲ್ಲ, ಕಣ್ಣು, ತುಟಿ, ಸುಮ್ನೆ ಕೂತಿರೋ ರೀತಿ, ಅಷ್ಟ್ರಲ್ಲೇ ನಮಗೂ ಹೊಟ್ಟೇಲಿ ಕಲಸುತ್ತೆ. ಇನ್ನೊಂದು ವಿಷ್ಯ, ಡೈರೆಕ್ಟರ್ ನಿಕೋಲಸ್ ರೇ ಅವಳ ಗಂಡ, ಆಗ್ಲೇ ಸಂಸಾರ ಮುರೀತಾ ಇತ್ತು. ಬೆಳಿಗ್ಗೆ 9ರಿಂದ ಸಂಜೆ 6ರವರೆಗೆ, ಭಾನುವಾರ ಬಿಟ್ಟು, ಗಂಡ ಹೇಳಿದ್ಹಾಗೇ ಕೇಳ್ಬೇಕು ಅಂತ ಅವಳ ಕಾಂಟ್ರಾಕ್ಟಲ್ಲೇ ಬರೆಸಿದ್ರಂತೆ! ಇಂಥದ್ದಕ್ಕೆ ಸೈನ್ ಹಾಕಿ ಬಂದು, ಗಂಡಸಿನ ಸಿಟ್ಟಿಗೆ ಹೆದರೋ ಹೆಂಗಸಿನ ಪಾರ್ಟ್ ಮಾಡ್ಬೇಕು, ಯೋಚ್ನೆ ಮಾಡಿ.

ಆಸ್ಕರ್ ಬಂದಿದ್ದು ಇದಕ್ಕಲ್ಲ, 1952ರ 'ದಿ ಬ್ಯಾಡ್ ಅಂಡ್ ದಿ ಬ್ಯೂಟಿಫುಲ್'ಗೆ. ಅದ್ರಲ್ಲಿ ತೆರೆ ಮೇಲೆ ಇರೋದೇ ಒಂಬತ್ತು ನಿಮಿಷದ ಆಸುಪಾಸು. ಚೆನ್ನಾಗಿ ಮಾಡಿದಾಳೆ, ಇಲ್ಲ ಅನ್ನಲ್ಲ, ಆದ್ರೆ ಲೋನ್ಲಿ ಪ್ಲೇಸ್‌ಗೆ ನಾಮಿನೇಷನ್ನೂ ಕೊಡದೆ ಇದಕ್ಕೆ ಪ್ರೈಜ್ ಕೊಟ್ರಲ್ಲ ಅಂತ ಉರಿಯುತ್ತೆ.

1955ರ 'ಒಕ್ಲಹೋಮ' ಆದ್ಮೇಲೆ ದೊಡ್ಡ ಪಾರ್ಟ್‌ಗಳು ಕಮ್ಮಿ ಆದ್ವು. 1960ರಲ್ಲಿ ಮಾಜಿ ಗಂಡ ನಿಕೋಲಸ್ ರೇ ಮಗ, ಅಂದ್ರೆ ತನ್ನ ಮಲಮಗನೇ ಆಗಿದ್ದ ಟೋನಿ ರೇನ ಮದ್ವೆ ಆದ್ಳು, ಸರಿ, ಇದ್ದ ಮರ್ಯಾದೆನೂ ಹೋಯ್ತು. ಆ ಮದ್ವೆ ಪರ ವಾದ ಮಾಡೋಕೆ ನಾನ್ ಬಂದಿಲ್ಲ. ಆದ್ರೆ ಈಗ್ಲೂ ಎಲ್ಲಿ ನೋಡಿದ್ರೂ ಅವಳ ಬಗ್ಗೆ ಬರೆಯೋರು ನಾಲ್ಕು ಮದ್ವೆ ಕಥೆ ಮೊದ್ಲು ಹೇಳ್ತಾರೆ, ನಟನೆ ಕೊನೇ ಪ್ಯಾರಾದಲ್ಲಿ. ನಿಕೋಲಸ್ ರೇ ಬಗ್ಗೆ ಬರೆಯುವಾಗ ಮಾತ್ರ ಫ್ರೆಂಚ್ ವಿಮರ್ಶಕರು ಅವನನ್ನ ಹೆಂಗೆ ತಲೆ ಮೇಲೆ ಹೊತ್ಕೊಂಡು ಹೊಗಳಿದ್ರು ಅಂತ ಶುರು.

ಈಯಮ್ಮ ಮಾತ್ರ ನಟನೆ ಬಿಡ್ಲಿಲ್ಲ, ನಾಟಕಕ್ಕೆ ಹೋದ್ಳು. 1981ರಲ್ಲಿ ಕ್ಯಾನ್ಸರ್ ಒಳಗೊಳಗೇ ತಿಂತಿದ್ರೂ ಇಂಗ್ಲೆಂಡಿನ ಲ್ಯಾಂಕಾಸ್ಟರ್‌ನಲ್ಲಿ ಒಂದು ನಾಟಕಕ್ಕೆ ರೆಡಿ ಆಗ್ತಿದ್ಳು, ಅಲ್ಲೇ ಕುಸಿದ್ಳು. ಅಕ್ಟೋಬರ್ 5ಕ್ಕೆ ನ್ಯೂಯಾರ್ಕಲ್ಲಿ ತೀರ್ಕೊಂಡ್ಳು, ವಯಸ್ಸು 57.

ನೋಡದೆ ಇರೋರು ಲೋನ್ಲಿ ಪ್ಲೇಸ್‌ನಿಂದ ಶುರು ಮಾಡಿ. ಕಾಫಿ ಆಮೇಲೆ.