ಕಡಲಿಗೆ ಅಭ್ಯಂಜನ

ಮೆಕ್ಸಿಕೋ ಕೊಲ್ಲಿಯಲ್ಲಿ ವಾಲ್ರಸ್ ಇಲ್ಲ. ಉದ್ದ ಕೋರೆಹಲ್ಲಿನ ಆ ದಪ್ಪ ಪ್ರಾಣಿ ಇರುವುದು ಉತ್ತರ ಧ್ರುವದ ಮಂಜಿನ ಕಡೆ. ಕೊಲ್ಲಿ ದಂಡೆಯ ಅಮೆರಿಕದ ರಾಜ್ಯ ಲೂಸಿಯಾನಾದ ಸೆಕೆಗೆ ತಂದು ಬಿಟ್ಟರೆ ಪಾಪ, ಎಷ್ಟು ದಿನ ತಡೆದೀತು? ಆದರೆ ಬ್ರಿಟನ್ನಿನ ತೈಲ ಕಂಪನಿ ಬಿಪಿಯ ಕಡತದಲ್ಲಿ ಅದು ಆರಾಮಾಗಿತ್ತು. ಕೊಲ್ಲಿಯಲ್ಲಿ ಎಣ್ಣೆ ಸೋರಿದರೆ ಏನೇನು ಮಾಡುತ್ತೇವೆ ಎಂದು ಕಂಪನಿ 2009ರಲ್ಲಿ ಅಮೆರಿಕ ಸರ್ಕಾರಕ್ಕೆ 582 ಪುಟಗಳ ಯೋಜನೆ ಕೊಟ್ಟಿತ್ತು. ಎಚ್ಚರದಿಂದ ಕಾಪಾಡಬೇಕಾದ ಜೀವಿಗಳ ಪಟ್ಟಿಯಲ್ಲಿ ವಾಲ್ರಸ್, ಸೀಲ್, ಸೀ ಲಯನ್ ಎಲ್ಲವೂ ಇದ್ದವು. ಕಷ್ಟ ಬಂದಾಗ ಕರೆಯಬೇಕಾದ ತಜ್ಞರ ಪಟ್ಟಿಯೂ ಇತ್ತು. ಅದರಲ್ಲಿದ್ದ ಆಮೆ ತಜ್ಞರೊಬ್ಬರು 2005ರಲ್ಲೇ ತೀರಿಕೊಂಡಿದ್ದರು. ಸಲಕರಣೆ ಒದಗಿಸುವವರದು ಎಂದು ಕೊಟ್ಟ ವೆಬ್‌ಸೈಟ್ ತೆರೆದರೆ ಜಪಾನಿನ ಶಾಪಿಂಗ್ ತಾಣವೊಂದು ಬರುತ್ತಿತ್ತು.

ಸರ್ಕಾರ ಇದನ್ನು ಓದಿ ಒಪ್ಪಿಗೆ ಕೊಟ್ಟಿತು. ‘ಓದಿ’ ಅನ್ನುವುದು ನನ್ನ ಔದಾರ್ಯ.

2010ರ ಏಪ್ರಿಲ್‌ನಲ್ಲಿ ಬಿಪಿಯ ಬಾವಿಯೊಂದು ಸಿಡಿದು ಕೊಲ್ಲಿಗೆ ನಿಜವಾಗಿಯೂ ಎಣ್ಣೆ ನುಗ್ಗಿತು. ಹಾಗೆಂದು ಬಿಪಿಯೊಂದನ್ನೇ ಬೈಯುವುದೂ ಸರಿಯಲ್ಲ. 2010ರ ಜೂನ್‌ನಲ್ಲಿ ಅಲ್ಲಿನ ಸಂಸತ್ತಿನ ಸಮಿತಿ ಉಳಿದ ದೊಡ್ಡ ಕಂಪನಿಗಳ ಯೋಜನೆಗಳನ್ನೂ ತರಿಸಿ ನೋಡಿತು. ಎಕ್ಸಾನ್, ಶೆವ್ರಾನ್, ಶೆಲ್, ಕೊನೊಕೊಫಿಲಿಪ್ಸ್, ಎಲ್ಲವೂ ಹೆಚ್ಚುಕಡಿಮೆ ಒಂದೇ ಅಚ್ಚು. ಇನ್ನೂ ಮೂರರಲ್ಲಿ ವಾಲ್ರಸ್ ಸಿಕ್ಕಿತು. ಈ ಕೊಲ್ಲಿಯಲ್ಲಿ ವಾಲ್ರಸ್ ಇಲ್ಲವಾಗಿ ಮೂವತ್ತು ಲಕ್ಷ ವರ್ಷ ಆಯಿತು ಎಂದು ಸಂಸದ ಎಡ್ ಮಾರ್ಕಿ ನೆನಪಿಸಬೇಕಾಯಿತು. ಎಕ್ಸಾನ್‌ನ ಯೋಜನೆಯಲ್ಲಿ ಎಣ್ಣೆ ತೆಗೆಯುವುದಕ್ಕೆ 9 ಪುಟ, ಪತ್ರಕರ್ತರನ್ನು ಸಂಭಾಳಿಸುವುದಕ್ಕೆ 40 ಪುಟ. ಎಣ್ಣೆಗಿಂತ ಸುದ್ದಿ ಬೇಗ ಹರಡುತ್ತದೆ, ಅಲ್ವಾ?

ಅಂದರೆ ಅಲ್ಲಿ ಎರಡು ಸಮುದ್ರಗಳಿದ್ದವು. ಒಂದು ನೀರಿನದು, ಇನ್ನೊಂದು ಕಾಗದದ್ದು. ಎಣ್ಣೆ ಚೆಲ್ಲಿದ್ದು ನೀರಿನದಕ್ಕೆ. ಆಮೇಲಿನ ಲೆಕ್ಕ, ಪರಿಹಾರ, ಶಿಕ್ಷೆ, ಬೋನಸ್ಸು ಎಲ್ಲವೂ ನಡೆದದ್ದು ಕಾಗದದ್ದರಲ್ಲಿ.

ಲೂಸಿಯಾನಾ ದಂಡೆಯಿಂದ ಸುಮಾರು 66 ಕಿ.ಮೀ. ದೂರ, ಒಂದೂವರೆ ಕಿ.ಮೀ. ಆಳದ ನೀರಿನ ತಳದಲ್ಲಿ ಮಕಾಂಡೋ ಎಂಬ ಬಾವಿ. ಬಾವಿ ಬಿಪಿಯದು. ಕೊರೆಯುತ್ತಿದ್ದ ಡೀಪ್‌ವಾಟರ್ ಹೊರೈಜನ್ ಎಂಬ ತೇಲುವ ರಿಗ್ ಟ್ರಾನ್ಸ್‌ಓಷನ್ ಕಂಪನಿಯದು. ಸಿಮೆಂಟ್ ಕೆಲಸ ಹಾಲಿಬರ್ಟನ್‌ದು. ಕೆಲಸ ಸುಮಾರು ಆರು ವಾರ ತಡವಾಗಿತ್ತು, ಖರ್ಚು ಅಂದುಕೊಂಡದ್ದಕ್ಕಿಂತ 5.8 ಕೋಟಿ ಡಾಲರ್ ಜಾಸ್ತಿಯಾಗಿತ್ತು. ಹಾಗಾಗಿ ಉಳಿತಾಯದ ಬುದ್ಧಿ ಬಂತು. ಕೊಳವೆ ಬಾವಿಯ ನಟ್ಟನಡುವೆ ನಿಲ್ಲಲಿ ಎಂದು ಸೆಂಟ್ರಲೈಸರ್ ಎಂಬ ಪಟ್ಟಿಗಳನ್ನು ಹಾಕುತ್ತಾರೆ. ಹಾಲಿಬರ್ಟನ್ 21 ಬೇಕು ಎಂದಿತ್ತು. ಹಾಕಿದ್ದು 6. ಆಗ ಬಿಪಿಯ ಎಂಜಿನಿಯರ್ ಒಬ್ಬರು ಸಹೋದ್ಯೋಗಿಗೆ ಬರೆದ ಇಮೇಲ್ ಆಮೇಲೆ ಲೋಕಪ್ರಸಿದ್ಧವಾಯಿತು. ಯಾರಿಗೇನು, ಆಗಿದ್ದಾಯ್ತು, ಕತೆ ಮುಗೀತು, ಬಹುಶಃ ಏನೂ ಆಗಲ್ಲ ಎಂಬುದು ಅದರ ಸಾರ. ನಮ್ಮ ಕಂಟ್ರಾಕ್ಟರುಗಳು ಇಮೇಲ್ ಮಾಡುವುದಿಲ್ಲ, ಬಾಯಲ್ಲೇ ಹೇಳುತ್ತಾರೆ. ಆ ಮಟ್ಟಿಗೆ ಜಾಣರು.

ಸಿಮೆಂಟ್ ಸರಿಯಾಗಿ ಕೂತಿದೆಯಾ ಎಂದು ನೋಡುವ ಪರೀಕ್ಷೆಗೆ ಸುಮಾರು 1.28 ಲಕ್ಷ ಡಾಲರ್ ಬೀಳುತ್ತಿತ್ತು. ಅದಕ್ಕೆಂದೇ ಬಂದು ಕೂತಿದ್ದ ತಂಡವನ್ನು 2010ರ ಏಪ್ರಿಲ್ 20ರ ಬೆಳಿಗ್ಗೆ ಹೆಲಿಕಾಪ್ಟರ್ ಹತ್ತಿಸಿ ವಾಪಸ್ ಕಳಿಸಿದರು. ಅದೇ ದಿನ ಬಿಪಿ ಮತ್ತು ಟ್ರಾನ್ಸ್‌ಓಷನ್‌ನ ದೊಡ್ಡವರು ಇನ್ನೊಂದು ಹೆಲಿಕಾಪ್ಟರ್‌ನಲ್ಲಿ ಬಂದಿಳಿದರು. ಏಳು ವರ್ಷದಿಂದ ಈ ರಿಗ್‌ನಲ್ಲಿ ದೊಡ್ಡ ಅಪಘಾತ ಆಗಿಲ್ಲ, ಶಹಬ್ಬಾಸ್ ಅನ್ನುವುದೂ ಅವರು ಬಂದ ಕಾರಣಗಳಲ್ಲಿ ಒಂದು. ರಾತ್ರಿ ಹತ್ತಕ್ಕೆ ಸ್ವಲ್ಪ ಮೊದಲು ರಿಗ್ ಸಿಡಿಯಿತು. 11 ಜನ ಸತ್ತರು. ಎರಡು ದಿನ ಉರಿದು 22ಕ್ಕೆ ಮುಳುಗಿತು. ಅವತ್ತು ಭೂಮಿ ದಿನ. ಈಗಿನ ತೈಲ ರಿಗ್‌ಗಳಿಂದ ಸಾಮಾನ್ಯವಾಗಿ ಎಣ್ಣೆ ಸೋರುವುದಿಲ್ಲ, ತಂತ್ರಜ್ಞಾನ ಅಷ್ಟು ಮುಂದುವರಿದಿದೆ ಎಂದು ಅಧ್ಯಕ್ಷ ಒಬಾಮಾ ಹೇಳಿದ್ದು ಏಪ್ರಿಲ್ 2ರಂದು. ಇದನ್ನೆಲ್ಲ ನಾನೇ ಕಟ್ಟಿ ಬರೆದಿದ್ದರೆ ‘ಸ್ವಲ್ಪ ಅತಿಯಾಯ್ತು’ ಎಂದು ಸಂಪಾದಕರು ಹೊಡೆದುಹಾಕುತ್ತಿದ್ದರು.

ಈ ಬಾವಿಗೆ ವಿವರವಾದ ಪರಿಸರ ಪರಿಶೀಲನೆ ಬೇಡ ಎಂದು ವಿನಾಯಿತಿ ಕೊಟ್ಟಿದ್ದು ಮಿನರಲ್ಸ್ ಮ್ಯಾನೇಜ್‌ಮೆಂಟ್ ಸರ್ವೀಸ್ ಎಂಬ ಸರ್ಕಾರಿ ಇಲಾಖೆ. ಎಣ್ಣೆಯಿಂದ ಖಜಾನೆಗೆ ಹಣ ತರುವುದೂ ಅದೇ, ಎಣ್ಣೆ ಕಂಪನಿಗಳ ಮೇಲೆ ಕಣ್ಣಿಡುವುದೂ ಅದೇ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಳ್ಳುವುದನ್ನು ನಾವು ಗಾದೆಯಲ್ಲಿಟ್ಟೆವು, ಅವರು ಇಲಾಖೆ ಮಾಡಿದರು. ಅದರ ಕೆಲವು ನೌಕರರು ಕಂಪನಿಯವರಿಂದ ಉಡುಗೊರೆ ಪಡೆದು ಅವರ ಜೊತೆ ಪಾರ್ಟಿ ಮಾಡುತ್ತಿದ್ದರು ಎಂದು 2008ರಲ್ಲೇ ತನಿಖಾ ವರದಿ ಬಂದಿತ್ತು. ದುರಂತವಾದ ಮೇಲೆ ಸರ್ಕಾರ ಕಠಿಣ ಕ್ರಮ ಕೈಗೊಂಡಿತು. ಇಲಾಖೆಯ ಹೆಸರು ಬದಲಾಯಿಸಿತು. ಮರುವರ್ಷ ಅದನ್ನು ಒಡೆದು ಇನ್ನಷ್ಟು ಹೆಸರುಗಳನ್ನಿಟ್ಟಿತು. 2025ರಲ್ಲಿ ಟ್ರಂಪ್ ಕೊಲ್ಲಿಯ ಹೆಸರನ್ನೇ ಅಮೆರಿಕ ಕೊಲ್ಲಿ ಎಂದು ಬದಲಾಯಿಸಿದರು. ಇನ್ನು ಅಮೆರಿಕದ ಲೆಕ್ಕದಲ್ಲಿ ಮೆಕ್ಸಿಕೋ ಕೊಲ್ಲಿಯಲ್ಲಿ ಎಣ್ಣೆ ಸೋರುವ ಪ್ರಶ್ನೆಯೇ ಇಲ್ಲ.

ದಿನಕ್ಕೆ ಎಷ್ಟು ಸೋರುತ್ತಿದೆ ಅನ್ನುವುದು ಮುಂದಿನ ಪ್ರಶ್ನೆ. ಮೊದಲು ಅಧಿಕಾರಿಗಳು, ಸೋರುತ್ತಿರುವಂತೆ ಕಾಣುತ್ತಿಲ್ಲ ಎಂದರು. ಮರುದಿನ 1,000 ಬ್ಯಾರೆಲ್ ಎಂದರು. ಇನ್ನು ನಾಲ್ಕು ದಿನಕ್ಕೆ 5,000 ಆಯಿತು. ಕೊನೆಗೆ ಸರ್ಕಾರಿ ವಿಜ್ಞಾನಿಗಳು ಕೂತು ಲೆಕ್ಕ ಹಾಕಿದಾಗ ಶುರುವಿನಲ್ಲಿ ದಿನಕ್ಕೆ 62,000 ಬ್ಯಾರೆಲ್ ಬರುತ್ತಿತ್ತು ಎಂದು ಗೊತ್ತಾಯಿತು. ಒಂದು ಬ್ಯಾರೆಲ್ ಅಂದರೆ 159 ಲೀಟರ್. ಸಂಖ್ಯೆ ಚಿಕ್ಕದಿರಲಿ ಅನ್ನುವ ಆಸೆಗೆ ಕಾರಣವಿತ್ತು. ಅಲ್ಲಿ ದಂಡ ಬ್ಯಾರೆಲ್ ಲೆಕ್ಕದಲ್ಲಿ. ಆಗ ಸಾಮಾನ್ಯ ತಪ್ಪಾದರೆ ಬ್ಯಾರೆಲ್‌ಗೆ 1,100 ಡಾಲರ್, ಘೋರ ನಿರ್ಲಕ್ಷ್ಯವಾದರೆ 4,300ರ ವರೆಗೆ ಇತ್ತು. ಹಾಗಾಗಿ ಕೋರ್ಟಿನಲ್ಲಿ ಚೌಕಾಸಿ ನಡೆಯಿತು. ಸರ್ಕಾರ 41.9 ಲಕ್ಷ ಬ್ಯಾರೆಲ್ ಎಂದಿತು. ಬಿಪಿ 24.5 ಲಕ್ಷ ಎಂದಿತು. 2015ರಲ್ಲಿ ನ್ಯಾಯಾಧೀಶರು 31.9 ಲಕ್ಷಕ್ಕೆ ವ್ಯವಹಾರ ಮುಗಿಸಿದರು. ಅಂದರೆ ಸುಮಾರು 50 ಕೋಟಿ ಲೀಟರ್. ತೀರ್ಪಿನ ಪ್ರಕಾರ ಸಮುದ್ರದಲ್ಲಿರುವ ಹೆಚ್ಚುವರಿ ಎಣ್ಣೆ ಯಾರದೋ ಗೊತ್ತಿಲ್ಲ.

ಬಾವಿ ಮುಚ್ಚಲು 87 ದಿನ ಬೇಕಾಯಿತು. ಮೊದಲು ಮೇಲೆ ದೊಡ್ಡ ಉಕ್ಕಿನ ಗೂಡು ಇಳಿಸಿದರು, ಅನಿಲ ಮಂಜಿನಂತೆ ಗಟ್ಟಿಯಾಗಿ ಅದು ಕಟ್ಟಿಕೊಂಡಿತು. ಆಮೇಲೆ ಹಳೇ ಟಯರ್ ಚೂರು ಮತ್ತು ಗಾಲ್ಫ್ ಚೆಂಡುಗಳನ್ನು ತೂತಿಗೆ ತುರುಕಿ ನೋಡಿದರು. ಸುಳ್ಳಲ್ಲ. 2017ರಲ್ಲಿ ಚೆನ್ನೈ ಪಕ್ಕದ ಎನ್ನೂರಿನಲ್ಲಿ ಎರಡು ಹಡಗು ಡಿಕ್ಕಿಯಾಗಿ ಎಣ್ಣೆ ಹರಡಿದಾಗ ಜನ ಬಕೆಟ್ಟಿನಲ್ಲಿ ಎಣ್ಣೆ ಎತ್ತಿದರು. ಅದನ್ನು ನೋಡಿ ನಾವು ನಾಚಿಕೊಂಡಿದ್ದೆವು. ಸುಮ್ನೆ ನಾಚಿಕೊಂಡೆವು. ಬಕೆಟ್ಟಿಗೆ ಕಡೇಪಕ್ಷ ಎಣ್ಣೆ ಬಂತು.

ಲೂಸಿಯಾನಾದ ಗವರ್ನರ್ ಆಗ ಬಾಬಿ ಜಿಂದಾಲ್, ಪಂಜಾಬ್ ಮೂಲದವರು. ಎಣ್ಣೆ ತಡೆಯಲು ಸಮುದ್ರದಲ್ಲಿ ಮರಳಿನ ದಿಬ್ಬ ಕಟ್ಟಿಸಲೇಬೇಕು ಎಂದು ಹಠ ಹಿಡಿದರು. ಸುಮಾರು 22 ಕೋಟಿ ಡಾಲರ್ ಖರ್ಚಾಯಿತು. ಹಣ ಬಿಪಿಯದು. ದಿಬ್ಬ ತಡೆದದ್ದು ಹೆಚ್ಚೆಂದರೆ 1,000 ಬ್ಯಾರೆಲ್ ಎಂದು ಅಧ್ಯಕ್ಷರ ತನಿಖಾ ಆಯೋಗ ಹೇಳಿತು. ಬ್ಯಾರೆಲ್‌ಗೆ 2.2 ಲಕ್ಷ ಡಾಲರ್ ಬಿತ್ತು. ಮರಳಿನ ಕಾಮಗಾರಿಯ ವಿಷಯದಲ್ಲಿ ರಕ್ತ ಮಾತಾಡುತ್ತದೆ ನೋಡಿ. ಇನ್ನೊಂದು ಕಡೆ, ಎಣ್ಣೆಯನ್ನು ಹಿಂದಕ್ಕೆ ತಳ್ಳಲಿ ಎಂದು ಮಿಸಿಸಿಪ್ಪಿ ನದಿಯ ಸಿಹಿನೀರನ್ನು ಜವುಗಿಗೆ ಬಿಟ್ಟರು. ಉಪ್ಪು ಕಡಿಮೆಯಾಗಿ ಅಲ್ಲಿನ ಆಯ್ಸ್ಟರ್ ಚಿಪ್ಪುಗಳು ರಾಶಿ ರಾಶಿ ಸತ್ತವು. ಎಣ್ಣೆ ತಲುಪುವ ಮುಂಚೆಯೇ ರಕ್ಷಣೆ ತಲುಪಿತ್ತು.

ಬಿಪಿಯ ಮುಖ್ಯಸ್ಥ ಟೋನಿ ಹೇವರ್ಡ್ ಮಾತ್ರ ಎದೆಗುಂದಲಿಲ್ಲ. ಕೊಲ್ಲಿ ಬಹಳ ದೊಡ್ಡ ಸಮುದ್ರ, ಅಷ್ಟು ನೀರಿನ ಮುಂದೆ ಈ ಎಣ್ಣೆ ತೀರಾ ಚಿಕ್ಕದು ಎಂದು ಧೈರ್ಯ ತುಂಬಿದರು. ಮೇ ಕೊನೆಗೆ, ನನಗೆ ನನ್ನ ಬದುಕು ವಾಪಸ್ ಬೇಕು ಎಂದರು. ಜೂನ್‌ನಲ್ಲಿ ಬದುಕು ವಾಪಸ್ ಸಿಕ್ಕಿರಬೇಕು, ಇಂಗ್ಲೆಂಡಿನ ಐಲ್ ಆಫ್ ವೈಟ್ ಸುತ್ತ ನಡೆದ ಹಾಯಿದೋಣಿ ಸ್ಪರ್ಧೆಯಲ್ಲಿ ಕಾಣಿಸಿಕೊಂಡರು. ಅವರ ದೋಣಿಯೂ ಓಡಿತು. ಅಲ್ಲಿನ ನೀರು ಶುದ್ಧವಾಗಿತ್ತು.

ಎಣ್ಣೆ ಹಾಕಿದ ಮೇಲೆ ಸೀಗೆಪುಡಿ ಬೇಕಲ್ಲ? ಕೊರೆಕ್ಸಿಟ್ ಎಂಬ ರಾಸಾಯನಿಕವನ್ನು ಸುಮಾರು 70 ಲಕ್ಷ ಲೀಟರ್ ಸುರಿದರು. ಇದು ಎಣ್ಣೆಯನ್ನು ಮಾಯ ಮಾಡುವುದಿಲ್ಲ. ಸಣ್ಣ ಹನಿಯಾಗಿ ಒಡೆದು ನೀರಿನೊಳಗೆ ಸೇರಿಸುತ್ತದೆ. ದಂಡೆಗೆ ಬರುವ ಎಣ್ಣೆ ಕಡಿಮೆಯಾಗುತ್ತದೆ. ಟಿವಿ ಕ್ಯಾಮೆರಾಕ್ಕೆ ಕಾಣುವ ಎಣ್ಣೆಯೂ ಕಡಿಮೆಯಾಗುತ್ತದೆ. ಒಳಗಿರುವ ಮೀನಿಗೆ ಕ್ಯಾಮೆರಾ ಇಲ್ಲ. ಬಿಪಿಯ ತವರಾದ ಬ್ರಿಟನ್ನಿನಲ್ಲಿ ಇದು ಒಪ್ಪಿಗೆ ಪಡೆದ ಪಟ್ಟಿಯಲ್ಲೇ ಇರಲಿಲ್ಲ. ಇದಕ್ಕಿಂತ ಕಡಿಮೆ ವಿಷದ್ದನ್ನು 24 ಗಂಟೆಯಲ್ಲಿ ಹುಡುಕಿ ಎಂದು ಅಮೆರಿಕದ ಪರಿಸರ ಸಂಸ್ಥೆ ಬಿಪಿಗೆ ಹೇಳಿತು. ಹುಡುಕಿದೆವು, ಇದೇ ಒಳ್ಳೆಯದು ಎಂದು ಬಿಪಿ ಉತ್ತರ ಕೊಟ್ಟಿತು. ಸುರಿಯುವುದು ಮುಂದುವರಿಯಿತು.

ಸುಮಾರು 2,100 ಕಿ.ಮೀ. ದಂಡೆಗೆ ಎಣ್ಣೆ ಬಡಿಯಿತು. ಲೂಸಿಯಾನಾದ ಬರಟೇರಿಯಾ ಕೊಲ್ಲಿಯ ಡಾಲ್ಫಿನ್‌ಗಳಿಗೆ ಶ್ವಾಸಕೋಶದ ಕಾಯಿಲೆ ಹತ್ತಿತು. ಅಲ್ಲಿ ಗಬ್ಬವಾದ ಐದರಲ್ಲಿ ನಾಲ್ಕು ಡಾಲ್ಫಿನ್‌ಗಳ ಮರಿ ಉಳಿಯಲಿಲ್ಲ ಎಂದು ಅವುಗಳ ಹಿಂದೆ ವರ್ಷಗಟ್ಟಲೆ ತಿರುಗಿದ ವಿಜ್ಞಾನಿಗಳು ಬರೆದಿದ್ದಾರೆ. ಒಂದು ಹಂತದಲ್ಲಿ 2.29 ಲಕ್ಷ ಚದರ ಕಿ.ಮೀ. ನೀರಿನಲ್ಲಿ ಮೀನು ಹಿಡಿಯುವುದನ್ನು ನಿಲ್ಲಿಸಿದರು. ಇದು ಇಡೀ ಕರ್ನಾಟಕಕ್ಕಿಂತ ದೊಡ್ಡ ಜಾಗ. ಸೀಗಡಿ ಹಿಡಿಯುವವರು ದೋಣಿ ಕಟ್ಟಿಹಾಕಿ ಕೂತರು. ಆಗ ಬಿಪಿ ಅವರ ದೋಣಿಗಳನ್ನೇ ದಿನಬಾಡಿಗೆಗೆ ಹಿಡಿಯಿತು. ಯಾವುದಕ್ಕೆ? ಎಣ್ಣೆ ಎತ್ತಲು. ಗುತ್ತಿಗೆ ಹಿಡಿದ ಕೆಲವರು, ಅಧಿಕಾರಸ್ಥರಿಗೆ ಬೇಕಾದ ಕೆಲವರು ಚೆನ್ನಾಗಿ ದುಡಿದರು. ಅಂಥ ಹೊಸ ಶ್ರೀಮಂತರಿಗೆ ಊರಿನವರು ಅಡ್ಡಹೆಸರೂ ಇಟ್ಟರು, ಸ್ಪಿಲಿಯನೇರ್, ಅಂದರೆ ಸೋರಿಕೆಯ ಮಿಲಿಯನೇರ್. ಪಕ್ಕದ ಮನೆಯವನಿಗೆ ದೋಣಿಯೂ ಇಲ್ಲ, ಗುರುತಿನವರೂ ಇಲ್ಲ. ಅವನು ಅರ್ಜಿ ತುಂಬುತ್ತಾ ಕೂತ.

ಅರ್ಥಶಾಸ್ತ್ರಜ್ಞರು ಮಾತ್ರ ಕಂಗೆಡಬೇಡಿ ಎಂದರು. ಮೀನುಗಾರಿಕೆ ಬಿದ್ದರೇನು, ಶುಚಿ ಮಾಡಲು ಕೆಲಸವಿಲ್ಲದ ಸಾವಿರಾರು ಜನರನ್ನು ತೆಗೆದುಕೊಂಡರಲ್ಲ, ಒಟ್ಟು ಲೆಕ್ಕದಲ್ಲಿ ದೇಶದ ಜಿಡಿಪಿ ಒಂದು ಚೂರು ಏರಲೂಬಹುದು ಎಂದು ದೊಡ್ಡ ಬ್ಯಾಂಕೊಂದರ ಪಂಡಿತರು ಅಂದಾಜು ಮಾಡಿದರು. ತಪ್ಪೇನಿಲ್ಲ. ಜಿಡಿಪಿ ಖರ್ಚಾದ ಹಣ ಎಣಿಸುತ್ತದೆ. ಸತ್ತ ಮರಿ ಡಾಲ್ಫಿನ್ ಯಾರ ಜೇಬಿನಿಂದಲೂ ಹೋಗಿಲ್ಲ. ಈ ಲೆಕ್ಕದಲ್ಲಿ ವರ್ಷಕ್ಕೊಂದು ಬಾವಿ ಸಿಡಿಸಿದರೆ ಯಾವ ದೇಶವೂ ಬಡವಾಗಿ ಉಳಿಯುವುದಿಲ್ಲ.

ತಪ್ಪು ಯಾರದು ಎಂದು ಕೇಳಿದಾಗ ಮೂರು ಕಂಪನಿಗಳೂ ಸಂಸತ್ತಿನಲ್ಲಿ ಸಾಲಾಗಿ ಕೂತು ಪಕ್ಕದವರತ್ತ ಬೆರಳು ಮಾಡಿದವು. ತಾನು ತಿಂದು ಮೇಕೆ ಬಾಯಿಗೆ ಒರೆಸುವ ಕೋತಿಯನ್ನು ನಾವು ಬಲ್ಲೆವು. ಇಲ್ಲಿ ಮೂರೂ ಕೋತಿ. ಮೇಕೆಯೇ ಇಲ್ಲ. ಹಾಲಿಬರ್ಟನ್ ಸಾಕ್ಷ್ಯ ನಾಶ ಮಾಡಿದ್ದನ್ನು ಆಮೇಲೆ ಒಪ್ಪಿಕೊಂಡಿತು. ದಂಡ 2 ಲಕ್ಷ ಡಾಲರ್. ಆ ಅಪರಾಧಕ್ಕೆ ಕಾನೂನಿನಲ್ಲಿರುವ ಅತಿ ಹೆಚ್ಚು ದಂಡವೇ ಅಷ್ಟಂತೆ.

ನನಗೆ ತುಂಬಾ ಹಿಡಿಸಿದ್ದು ಟ್ರಾನ್ಸ್‌ಓಷನ್‌ನ ವಕೀಲರು. ಅವರು 1851ರ ಹಡಗು ಕಾನೂನೊಂದನ್ನು ಹುಡುಕಿ ತೆಗೆದರು. ಹಡಗಿನ ಮಾಲೀಕನ ಹೊಣೆ ಅಪಘಾತದ ನಂತರ ಹಡಗಿಗೆ ಉಳಿದ ಬೆಲೆಯಷ್ಟೇ ಎನ್ನುತ್ತದೆ ಆ ಕಾನೂನು. ರಿಗ್ ಸಮುದ್ರದ ತಳದಲ್ಲಿತ್ತು. ಹಾಗಾಗಿ ನಮ್ಮ ಹೊಣೆ ಸುಮಾರು 2.67 ಕೋಟಿ ಡಾಲರ್ ಮಾತ್ರ ಎಂದು ಕೋರ್ಟಿಗೆ ಹೋದರು. ಅದೇ ರಿಗ್‌ಗೆ ವಿಮೆಯಿಂದ ಬಂದದ್ದು ಸುಮಾರು 40 ಕೋಟಿ ಡಾಲರ್. ರಿಗ್ ಎಷ್ಟು ಪೂರ್ತಿಯಾಗಿ ಮುಳುಗಿದರೆ ಅಷ್ಟು ಕ್ಷೇಮ. ಮರುವರ್ಷ ಇದೇ ಕಂಪನಿ, ಅಂಕಿಅಂಶದ ಪ್ರಕಾರ 2010 ನಮ್ಮ ಇತಿಹಾಸದಲ್ಲೇ ಸುರಕ್ಷತೆಯ ಅತ್ಯುತ್ತಮ ವರ್ಷ ಎಂದು ಹೇಳಿ ಅಧಿಕಾರಿಗಳಿಗೆ ಬೋನಸ್ ಕೊಟ್ಟಿತು. ಜನ ಉಗಿದ ಮೇಲೆ ಆ ಸುರಕ್ಷತಾ ಬೋನಸ್ಸನ್ನು ಸತ್ತವರ ಕುಟುಂಬಗಳ ನಿಧಿಗೆ ಕೊಟ್ಟರು.

11 ಸಾವಿಗೆ ಜೈಲಿಗೆ ಹೋದವರು ಯಾರೂ ಇಲ್ಲ. ಕಂಪನಿಯಾಗಿ ಬಿಪಿ ನರಹತ್ಯೆಯ ತಪ್ಪೊಪ್ಪಿಕೊಂಡಿತು. ಕಂಪನಿಯನ್ನು ಕೂಡಿಹಾಕುವಷ್ಟು ದೊಡ್ಡ ಜೈಲು ಇನ್ನೂ ಕಟ್ಟಿಲ್ಲ. ರಿಗ್ ಮೇಲಿದ್ದ ಇಬ್ಬರು ಮೇಲ್ವಿಚಾರಕರ ಮೇಲಿನ ನರಹತ್ಯೆ ಆರೋಪವನ್ನು ಸರ್ಕಾರ ಕೈಬಿಟ್ಟಿತು. ಒಬ್ಬರು ನೀರು ಕೆಡಿಸಿದ ಸಣ್ಣ ತಪ್ಪನ್ನು ಒಪ್ಪಿಕೊಂಡು 10 ತಿಂಗಳ ಪ್ರೊಬೇಷನ್ ಪಡೆದರು, ಇನ್ನೊಬ್ಬರು ಖುಲಾಸೆಯಾದರು.

2016ರಲ್ಲಿ ಬಿಪಿ 2,080 ಕೋಟಿ ಡಾಲರ್ ಕೊಡುವ ರಾಜಿಗೆ ಕೋರ್ಟಿನ ಮುದ್ರೆ ಬಿತ್ತು. ಅಮೆರಿಕದ ಇತಿಹಾಸದಲ್ಲೇ ದೊಡ್ಡ ಪರಿಸರ ರಾಜಿ ಎಂದು ಚಪ್ಪಾಳೆಯೂ ಬಿತ್ತು. ಅದರಲ್ಲಿ ಸುಮಾರು 1,530 ಕೋಟಿ ಡಾಲರನ್ನು ವ್ಯಾಪಾರದ ಖರ್ಚು ಎಂದು ತೋರಿಸಿ ತೆರಿಗೆ ವಿನಾಯಿತಿ ಪಡೆಯಬಹುದಿತ್ತು. ಅಂದರೆ ಎಣ್ಣೆ ಮೆತ್ತಿದ ದಂಡೆಯ ಸೀಗಡಿ ವ್ಯಾಪಾರಿ ಕಟ್ಟುವ ತೆರಿಗೆಯಿಂದಲೂ ಒಂದು ಪಾಲು ಅದಕ್ಕೆ ಹೋಯಿತು. ರಾಜಿಯ ಹಣ ಕಟ್ಟುವುದೂ ಸುಮಾರು 16 ವರ್ಷದ ಕಂತಿನಲ್ಲಿ. 2022ರಲ್ಲಿ ಬಿಪಿಯ ಲಾಭ 2,770 ಕೋಟಿ ಡಾಲರ್, ಆ ಒಂದೇ ವರ್ಷದ್ದು. ಆದರೂ ಕಂತು ಕಂತೇ, ಇನ್ನೂ ಮುಗಿದಿಲ್ಲ. ಅದೇ ಕೊಲ್ಲಿಯಲ್ಲಿ ಕಾಸ್ಕಿಡಾ ಎಂಬ ಹೊಸ ಆಳದ ಬಾವಿಗಳಿಗೆ ಕಂಪನಿ 2024ರಲ್ಲಿ ಹಸಿರು ನಿಶಾನೆ ತೋರಿಸಿದೆ. ಅಲ್ಲಿ ಮಕಾಂಡೋಗಿಂತಲೂ ಒತ್ತಡ ಜಾಸ್ತಿ. ಎಣ್ಣೆ ಬರುವುದು 2029ಕ್ಕೆ. ಕೊನೆಯ ಕೆಲವು ಕಂತುಗಳನ್ನು ಅದರಿಂದಲೇ ಕಟ್ಟಬಹುದು.