ಬೆಂದ ಜೋಳವನ್ನು ಮತ್ತೆ ಬೇಯಿಸುವುದೇಕೆ?

"ಡಬ್ಬೀದು ತಿಂತೀಯೇನೋ? ಅಲ್ಲಿ ತರಕಾರಿ ಸಿಗಲ್ವಾ?"

ವಿಡಿಯೊ ಕರೆಯಲ್ಲಿ ನನ್ನ ಅಡುಗೆಕಟ್ಟೆ ಮೇಲೆ ಸ್ವೀಟ್‌ಕಾರ್ನ್ ಡಬ್ಬಿ ಕಂಡಾಗಲೆಲ್ಲ ಅವ್ವ ಕೇಳುವ ಪ್ರಶ್ನೆ ಇದು. ನಮ್ಮದು ದಾವಣಗೆರೆ ಪಕ್ಕದ ಹಳ್ಳಿ. ಮಳೆಗಾಲದಲ್ಲಿ ಯಾವ ದಿಕ್ಕಿಗೆ ನೋಡಿದರೂ ಮೆಕ್ಕೆಜೋಳದ ಹೊಲ. ಅಂಥ ಊರಲ್ಲಿ ಬೆಳೆದವನು ತಗಡಿನ ಡಬ್ಬಿ ಒಡೆದು ಜೋಳ ತಿನ್ನುವುದು ಅವಳಿಗೆ ಮರ್ಯಾದೆ ಪ್ರಶ್ನೆ.

ಒಂಬತ್ತು ವರ್ಷದ ಹಿಂದೆ ಜಪಾನಿಗೆ ಬಂದಾಗ ನಾನೂ ಹಾಗೇ ಇದ್ದೆ. ಡಬ್ಬಿ ಅಂದರೆ ತಂಗಳು, ತಂಗಳು ಅಂದರೆ ಮೈಗೆ ಆಗಲ್ಲ, ಅಷ್ಟೇ. ಆದರೆ ಅದೇ ನಾನು ಸೂಟ್‌ಕೇಸಿನ ಅರ್ಧ ಭಾಗ ರೆಡಿ ಉಪ್ಪಿಟ್ಟಿನ ಪ್ಯಾಕೆಟ್, ಪುಳಿಯೋಗರೆ ಗೊಜ್ಜು, ಎರಡು ವರ್ಷದ ಉಪ್ಪಿನಕಾಯಿ ತುಂಬಿಕೊಂಡು ಬಂದಿದ್ದೆ. ಅದು ಊಟ, ಇದು ಡಬ್ಬಿ! ಈ ವ್ಯತ್ಯಾಸವನ್ನು ಯಾರಾದರೂ ಬಿಡಿಸಿ ಹೇಳು ಅಂದಿದ್ದರೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಮೊದಲು ಟೋಕಿಯೊದಲ್ಲಿದ್ದೆ. ನಿಶಿಕಾಸಾಯ್ ಕಡೆ ನಮ್ಮವರ ಅಂಗಡಿಗಳಿವೆ, ಕರಿಬೇವೂ ಸಿಗುತ್ತದೆ, ತೊಂದರೆ ಆಗಲಿಲ್ಲ. ಆಮೇಲೆ ಕೆಲಸದ ಮೇಲೆ ಸಪ್ಪೊರೊಗೆ ಬಂದೆ. ಇದು ಹೊಕ್ಕೈಡೊ ದ್ವೀಪದ ದೊಡ್ಡ ಊರು. ಒಂದು ಚಳಿಗಾಲದಲ್ಲಿ ಬೀಳುವ ಹಿಮವನ್ನೆಲ್ಲ ಕೂಡಿಸಿದರೆ ಸುಮಾರು 5 ಮೀಟರ್ ಆಗುತ್ತದೆ. ಜನವರಿಯಲ್ಲಿ ಹಸಿ ತರಕಾರಿಯ ಬೆಲೆ ನೋಡಿದರೆ ಕೈ ಹಿಂದಕ್ಕೆ ಬರುತ್ತದೆ. ಮನೆಯಲ್ಲಿ ಮೂಲಂಗಿ, ಎಲೆಕೋಸು, ಆಲೂಗಡ್ಡೆ, ಈರುಳ್ಳಿ. ಮತ್ತೆ ಅದೇ ಮೂಲಂಗಿ. ಮೂರನೇ ವಾರಕ್ಕೆ ನನ್ನ ಹೆಂಡತಿ ನೂರು ಚಿಲ್ಲರೆ ಯೆನ್ ಕೊಟ್ಟು ಒಂದು ಡಬ್ಬಿ ಜೋಳ ತಂದಳು. ನಾನು ಮೂಗು ಮುರಿದೆ. ಮಗಳು ಡಬ್ಬಿಗೇ ಚಮಚ ಹಾಕಿ ಅರ್ಧ ಖಾಲಿ ಮಾಡಿದಳು.

ಇಲ್ಲಿ ಬೇಸಿಗೆಯ ಜೋಳದ ಸುಖವೇ ಬೇರೆ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಸಪ್ಪೊರೊ ನಡುವೆ ಓಡೋರಿ ಪಾರ್ಕ್ ಇದೆ, ಒಂದೂವರೆ ಕಿಲೋಮೀಟರ್ ಉದ್ದಕ್ಕೆ ಮಲಗಿರುವ ಹಸಿರು. ಅಲ್ಲಿ ಗಾಡಿಗಳಲ್ಲಿ ತೆನೆ ಮಾರುತ್ತಾರೆ. ಬೇಯಿಸಿದ್ದೂ ಉಂಟು, ಸೋಯಾ ಸಾಸ್ ಸವರಿ ಸುಟ್ಟದ್ದೂ ಉಂಟು. ಹೊಕ್ಕೈಡೊ ಜನ ಜೋಳಕ್ಕೆ ‘ಟೋಕಿಬಿ’ ಅನ್ನುತ್ತಾರೆ. ನಂದಿ ಬೆಟ್ಟದ ದಾರಿಯಲ್ಲಿ ಕೆಂಡದ ಮೇಲೆ ಸುಟ್ಟು ನಿಂಬೆಹೋಳಿನಿಂದ ಉಪ್ಪು ಖಾರ ಉಜ್ಜಿ ಕೊಡುತ್ತಾರಲ್ಲ, ಅದರ ದೂರದ ನೆಂಟ ಇದು.

ಜಪಾನಿನ ಉಳಿದ ಕಡೆ ಜೋಳದ ಹೆಸರು ‘ಟೋಮೊರೊಕೊಶಿ’. ಇದನ್ನು ಬಿಡಿಸಿ ನೋಡಿದಾಗ ನನಗೆ ನಗು ಬಂತು. ಮೊರೊಕೊಶಿ ಅಂದರೆ ನಾವು ರೊಟ್ಟಿ ತಟ್ಟುವ ಜೋಳ. ಅದು ಚೀನಾ ದೇಶಕ್ಕಿದ್ದ ಹಳೆಯ ಹೆಸರೂ ಹೌದು. ಮುಂದಿರುವ ‘ಟೋ’ ಕೂಡ ಚೀನಾದ ತಾಂಗ್ ಕಾಲದ ಹೆಸರು, ಅಂದರೆ ಹೊರಗಿನದು ಅಂತ. ಮೆಕ್ಸಿಕೊ ಕಡೆಯ ಬೆಳೆಗೆ ಇವರು ಎರಡೆರಡು ಸಲ ಚೀನಾ ಅಂಟಿಸಿದ್ದಾರೆ. ನಾವೇನು ಕಡಿಮೆ? ನಾವೂ ನಮ್ಮ ಜೋಳದ ಹೆಸರನ್ನೇ ಕೊಟ್ಟು, ಮುಂದೆ ‘ಮೆಕ್ಕೆ’ ಸೇರಿಸಿದೆವು. ಅದು ಮೆಕ್ಕಾ ಕಡೆಯದು ಅಂತ ಅರ್ಥ ಹೇಳುವವರಿದ್ದಾರೆ. ಹುಬ್ಬಳ್ಳಿ, ಹಾವೇರಿ ಕಡೆ ಅದೇ ಗೋವಿನ ಜೋಳ. ಹೊಸ ಕಾಳು ಮನೆಗೆ ಬಂದಾಗ ಎರಡು ದೇಶದವರೂ ಅದನ್ನು ಪರಿಚಯದ ಜೋಳದ ಪಕ್ಕದಲ್ಲೇ ಕೂರಿಸಿದ್ದಾರೆ.

ಆದರೆ ಊಟದಲ್ಲಿ ದಾರಿ ಬೇರೆ ಆಯಿತು. ನಮ್ಮ ಹೊಲದ ಮೆಕ್ಕೆಜೋಳ ಒಣಗಿ, ಚೀಲ ಸೇರಿ, ಎಪಿಎಂಸಿಗೆ ಹೋಗುತ್ತದೆ. ಅಲ್ಲಿಂದ ಹೆಚ್ಚಿನದು ಕೋಳಿಗೆ, ಇಲ್ಲವೇ ಸ್ಟಾರ್ಚ್ ಫ್ಯಾಕ್ಟರಿಗೆ. ಮನೆಯವರು ತಿನ್ನುವುದು ಹಾಲುಗಾಳಿನ ಹೊತ್ತಿನಲ್ಲಿ ಮುರಿದ ನಾಲ್ಕು ತೆನೆ. ದಿನದ ಅಡುಗೆಯಲ್ಲಿ ಅದಕ್ಕೆ ಜಾಗವಿಲ್ಲ. ಅದೇನಿದ್ದರೂ ಹೊಲದ ಬದುವಿನ ಮೇಲೆ ಕೂತು ಕೈ ಕಪ್ಪು ಮಾಡಿಕೊಂಡು ತಿನ್ನುವ ತಿಂಡಿ. ಇಲ್ಲಿ ಡಬ್ಬಿಯಿಂದಾಗಿ ಜೋಳ ದಿನಬಳಕೆಯ ತರಕಾರಿ ಆಗಿಬಿಟ್ಟಿದೆ. ಮಕ್ಕಳ ಊಟದ ಡಬ್ಬಿಯ ಮೂಲೆಯಲ್ಲಿ ಒಂದು ಚಮಚ. ಬೇಕರಿಯಲ್ಲಿ ಜೋಳ, ಮೇಯನೇಸ್ ಮೆತ್ತಿದ ಬನ್ನು. ಪಿಜ್ಜಾ ಮೇಲೆ, ಸಲಾಡ್ ಮೇಲೆ, ಕೊನೆಗೆ ಸುಶಿ ಮೇಲೂ. ಬೀದಿಯ ವೆಂಡಿಂಗ್ ಮಷಿನ್‌ನಲ್ಲಿ ಬಿಸಿಬಿಸಿ ಜೋಳದ ಸೂಪು ಡಬ್ಬಿಯಲ್ಲಿ ಬೀಳುತ್ತದೆ. ಕುಡಿದ ಮೇಲೆ ನಾಲ್ಕು ಕಾಳು ತಳದಲ್ಲಿ ಅಂಟಿಕೊಂಡು ಹೊರಗೆ ಬರುವುದೇ ಇಲ್ಲ. ಡಬ್ಬಿಯ ಬಾಯಿಯ ಕೆಳಗೆ ಸ್ವಲ್ಪ ಒತ್ತಿ ಹಳ್ಳ ಮಾಡಿ ಕುಡಿದರೆ ಬರುತ್ತವೆ ಎಂಬ ಉಪಾಯ ಇಲ್ಲಿನ ಮಕ್ಕಳಿಗೂ ಗೊತ್ತು. ಆ ಸೂಪಿನಲ್ಲಿ ಕೋಳಿ ಸಾರ ಇರುವುದು ಜಾಸ್ತಿ. ನಮ್ಮಂಥ ಸಸ್ಯಾಹಾರಿಗಳು ಲೇಬಲ್ ಓದಿಯೇ ಕುಡಿಯಬೇಕು. ನಾನು ಮೊಟ್ಟೆಯವರೆಗೆ ಬಂದಿದ್ದೇನೆ. ಅವ್ವನಿಗೆ ಹೇಳಿಲ್ಲ.

ಈಗ ಡಬ್ಬಿಯ ವಿಷಯಕ್ಕೆ ಬರುತ್ತೇನೆ. ಸಪ್ಪೊರೊ ಪಕ್ಕದಲ್ಲೇ ಇಶಿಕಾರಿ ಅಂತ ಊರಿದೆ. 1877ರ ಅಕ್ಟೋಬರ್ 10ರಂದು ಅಲ್ಲಿನ ಸರ್ಕಾರಿ ಕಾರ್ಖಾನೆಯಲ್ಲಿ ಸಾಲ್ಮನ್ ಮೀನನ್ನು ಡಬ್ಬಿಗೆ ತುಂಬಿದರು. ಇವತ್ತಿಗೂ ಜಪಾನಿನಲ್ಲಿ ಆ ದಿನ ‘ಡಬ್ಬಿ ದಿನ’. ಡಬ್ಬಿ ಇವರಿಗೆ ಬಡವರ ಊಟವೂ ಅಲ್ಲ, ಸೋಮಾರಿಗಳ ಊಟವೂ ಅಲ್ಲ. ಹಿಮ ಬೀಳುವ ನಾಡಿನ ಕಣಜ. ನಮ್ಮ ಅಟ್ಟದ ಮೇಲಿನ ಸಂಡಿಗೆ, ಬಾಳಕದ ಹಾಗೆ.

ಒಳಗೆ ಏನಿದೆ ಅಂತ ಓದಿದರೆ ಹೆದರುವಂಥದ್ದೂ ಇಲ್ಲ. ನಾನು ತರುವ ಡಬ್ಬಿಯಲ್ಲಿ ಜೋಳ, ನೀರು, ಉಪ್ಪು, ಚೂರು ಸಕ್ಕರೆ. ಕೆಡದೆ ಉಳಿಯುವುದು ಔಷಧಿ ಹಾಕಿದ್ದಕ್ಕಲ್ಲ. ಮುಚ್ಚಿ ಬಿಗಿದ ಮೇಲೆ ಒತ್ತಡದಲ್ಲಿ ಸುಮಾರು 120 ಡಿಗ್ರಿಯಲ್ಲಿ ಕಾಯಿಸಿರುತ್ತಾರೆ, ಅದಕ್ಕೆ. ನಮ್ಮ ಕುಕ್ಕರಿನ ಕೆಲಸವೇ, ವಿಷಲ್ ಒಂದಿಲ್ಲ. ಸ್ವೀಟ್‌ಕಾರ್ನ್ ಗಿಡದಿಂದ ಕಿತ್ತ ಹೊತ್ತಿನಿಂದಲೇ ಸಿಹಿ ಕಳೆದುಕೊಳ್ಳುತ್ತಾ ಹೋಗುತ್ತದೆ, ಸಕ್ಕರೆ ಪಿಷ್ಟವಾಗುತ್ತದೆ. ಕಾರ್ಖಾನೆಯವರು ಕಿತ್ತ ಕೆಲವೇ ಗಂಟೆಗಳಲ್ಲಿ ಬೇಯಿಸಿ ಮುಚ್ಚುತ್ತಾರೆ. ಹಾಗಾಗಿ ಅಂಗಡಿಯಲ್ಲಿ ನಾಲ್ಕು ದಿನ ಒಣಗಿದ ‘ಫ್ರೆಶ್’ ತೆನೆಗಿಂತ ಡಬ್ಬಿಯದೇ ಎಷ್ಟೋ ಸಲ ಸಿಹಿ. ‘ಕ್ರೀಂ’ ಅಂತ ಬರೆದಿರುವ ಡಬ್ಬಿ ನೋಡಿ ಹಾಲಿನ ಕೆನೆ ಅಂದುಕೊಳ್ಳಬೇಡಿ. ಹೆಚ್ಚಾಗಿ ಅದು ಕಾಳನ್ನೇ ಅರೆದ ಹಾಲು. ಅಷ್ಟೇ ಅಳತೆ ಹಾಲು ಸೇರಿಸಿ, ಕಾಳುಮೆಣಸಿನ ಪುಡಿ ಉದುರಿಸಿ ಕುದಿ ಬರಿಸಿದರೆ ಸೂಪು ಆಯಿತು.

ಅಲ್ಲಿಗೆ ನನ್ನ ತಕರಾರು ಶುರುವಾಗುತ್ತದೆ. ಅದು ಡಬ್ಬಿಯ ಮೇಲಲ್ಲ, ನಮ್ಮ ಕೈಯ ಮೇಲೆ.

ಡಬ್ಬಿ ಜೋಳ ಬೆಂದ ಜೋಳ. ಇಷ್ಟು ಸರಳ ಮಾತು ನನ್ನ ತಲೆಗೆ ಹೋಗಲು ಎರಡು ಚಳಿಗಾಲ ಹಿಡಿಯಿತು. ನಾನು ಅದನ್ನು ಹುಳಿಗೆ ಹಾಕಿ ಬೇಳೆ ಜೊತೆ ಮೂರು ವಿಷಲ್ ಕೂಗಿಸಿದೆ. ಸಿಪ್ಪೆ ಸಿಪ್ಪೆಯಾಗಿ ತೇಲಿತು. ಹುಣಸೆಹಣ್ಣು ಒಂದು ಕಡೆ, ಸಿಹಿ ಇನ್ನೊಂದು ಕಡೆ ಎಳೆಯಿತು. ಪಲ್ಯ ಮಾಡುವಾಗ ಕಾಲು ಗಂಟೆ ಬಾಣಲೆಯಲ್ಲಿ ತಿರುವಿದೆ. ಗರಂ ಮಸಾಲೆ, ಕಸೂರಿ ಮೇಥಿ, ಬೆಳ್ಳುಳ್ಳಿ, ಗೋಡಂಬಿ ಪೇಸ್ಟು ಎಲ್ಲ ಸುರಿದೆ. ಕೊನೆಗೆ ಅದು ಯಾವುದೋ ಹೋಟೆಲ್ಲಿನ ಗ್ರೇವಿ ಆಯಿತೇ ಹೊರತು, ಜೋಳ ಎಲ್ಲಿ ಅಂತ ಹುಡುಕಬೇಕಿತ್ತು. ನಮಗೆ ಒಂದು ಪದಾರ್ಥವನ್ನು ಅದರ ಪಾಡಿಗೆ ಬಿಡುವುದು ಬರುವುದಿಲ್ಲ. ಇದು ನನ್ನ ಅನಿಸಿಕೆ, ಜಗಳಕ್ಕೆ ಬರುವವರು ಬರಬಹುದು.

ಪಕ್ಕದ ಮನೆಯ ಅಜ್ಜಿ ಬಿಡುವುದು ಹೇಗೆ ಅಂತ ತೋರಿಸಿದರು. ನಮ್ಮ ಮಗಳು ಅವರನ್ನು ‘ಒಬಾಚಾನ್’ ಅಂತ ಕರೆಯುತ್ತಾಳೆ. ಅವರು ಎರಡು ‘ಗೋ’ ಅಕ್ಕಿ ತೊಳೆದರು. ಒಂದು ಗೋ ಅಂದರೆ 180 ಮಿಲಿಲೀಟರ್. ಡಬ್ಬಿಯ ನೀರನ್ನು ಚೆಲ್ಲದೆ ಅಕ್ಕಿಗೇ ಬಗ್ಗಿಸಿ, ಕಡಿಮೆ ಬಿದ್ದಷ್ಟು ನೀರು, ಚಿಟಿಕೆ ಉಪ್ಪು ಹಾಕಿದರು. ಮೇಲೆ ಕಾಳು. ಕಲಸಲಿಲ್ಲ. ಅನ್ನವಾದ ಮೇಲೆ ಒಂದು ತುಂಡು ಬೆಣ್ಣೆ, ಎರಡು ಹನಿ ಸೋಯಾ ಸಾಸ್. ಅಷ್ಟೇ. "ಇಷ್ಟೇನಾ?" ಅಂತ ಕೇಳಿದೆ. "ಇನ್ನೇನು ಬೇಕು?" ಅಂದರು.

ಬೆಣ್ಣೆ ಮತ್ತು ಜೋಳ ಇಲ್ಲಿಯವರಿಗೆ ಬಿಡಲಾರದ ಜೋಡಿ. ಸಪ್ಪೊರೊದ ಮಿಸೊ ರಾಮೆನ್, ಅಂದರೆ ಹುದುಗಿಸಿದ ಸೋಯಾ ಪೇಸ್ಟಿನ ಸಾರಿನಲ್ಲಿ ಕೊಡುವ ನೂಡಲ್ಸ್, ಅದರ ಮೇಲೂ ಅದೇ, ರಾಶಿ ಜೋಳ, ಕರಗುತ್ತಿರುವ ಬೆಣ್ಣೆ. ಆ ಸಾರಿಗೆ ಹಂದಿ ಮೂಳೆ ಹಾಕುವುದರಿಂದ ನಾನು ಮುಟ್ಟಿಲ್ಲ. ಆದರೆ ಅಂಗಡಿಯ ಗಾಜಿನಾಚೆ ಆ ಬೆಣ್ಣೆ ಜಾರುವುದನ್ನು ನೋಡಿದಾಗ ದಾವಣಗೆರೆಯ ದೋಸೆ ಕಾವಲಿ ಕಣ್ಣ ಮುಂದೆ ಬಂತು. ಮನೆಯಲ್ಲಿ ಕೊಂಬು ನೆನೆಸಿದ ನೀರಿಗೆ ಮಿಸೊ ಕರಗಿಸಿ ಜೋಳ, ಬೆಣ್ಣೆ ಹಾಕಿ ಕುಡಿಯುತ್ತೇನೆ. ಕೊಂಬು ಅಂದರೆ ಕಡಲಪಾಚಿ. ಜಪಾನಿನ ಕೊಂಬುವಿನ ಬಹುಪಾಲು ಇದೇ ಹೊಕ್ಕೈಡೊದ್ದು.

ಹಾಗಂತ ಇವರದೆಲ್ಲ ಸರಿ ಅನ್ನುತ್ತಿಲ್ಲ. ಸಿಹಿ ಜೋಳಕ್ಕೆ ಸಿಹಿ ಮೇಯನೇಸ್ ಹಾಕಿ, ಅದನ್ನು ಸಿಹಿ ಬನ್ನಿನ ಮೇಲಿಟ್ಟು ತಿನ್ನುವುದು ನನಗೆ ಇಂದಿಗೂ ಅರ್ಥವಾಗಿಲ್ಲ. ಸಿಹಿಗೆ ಹುಳಿ, ಖಾರದ ಏಟು ಬೀಳಬೇಕು. ಈ ಒಂದು ವಿಷಯದಲ್ಲಿ ನಾವು ಗೆದ್ದಿದ್ದೇವೆ. ಈಗ ನಾನು ಮಾಡುವ ಗುಗ್ಗರಿ ಹೀಗೆ: ಕಾಳು ಬಸಿದು, ಹತ್ತು ನಿಮಿಷ ಜರಡಿಯಲ್ಲೇ ಬಿಡುತ್ತೇನೆ. ಸಾಸಿವೆ, ಉದ್ದಿನಬೇಳೆ, ಇಂಗು, ಸೀಳಿದ ಹಸಿಮೆಣಸಿನಕಾಯಿಯ ಒಗ್ಗರಣೆ. ಕರಿಬೇವು ಇದ್ದರೆ ಸರಿ, ಇಲ್ಲದಿದ್ದರೆ ಇಲ್ಲ. ಒಲೆ ಆರಿಸಿ, ಆಮೇಲೆ ಜೋಳ ಹಾಕುತ್ತೇನೆ. ಬಾಣಲೆಯ ಬಿಸಿಯೇ ಸಾಕು. ಕಾಯಿತುರಿ, ನಿಂಬೆರಸ. ಡಬ್ಬಿಯಲ್ಲೇ ಉಪ್ಪಿರುತ್ತದೆ, ಬಾಯಿಗೆ ಹಾಕಿ ನೋಡದೆ ಉಪ್ಪು ಹಾಕಬೇಡಿ. ಒಬಾಚಾನ್‌ಗೆ ಒಂದು ಬಟ್ಟಲು ಕೊಟ್ಟೆ. ಮೆಣಸಿನಕಾಯಿ ಆರಿಸಿ ಪಕ್ಕಕ್ಕಿಟ್ಟರು, ನಿಂಬೆ ಹಾಕುವ ಐಡಿಯಾ ಮಾತ್ರ ಇಟ್ಟುಕೊಂಡರು.

ಉಪ್ಪಿಟ್ಟಿಗೂ ಅದೇ ನಿಯಮ, ಮುಚ್ಚಳ ತೆಗೆಯುವ ಮುಂಚಿನ ಕೊನೆಯ ನಿಮಿಷದಲ್ಲಿ ಜೋಳ. ಎಸರಿಗೆ ಡಬ್ಬಿಯ ನೀರನ್ನೂ ಸೇರಿಸಿದರೆ ಒಳ್ಳೆಯ ರುಚಿ. ಕೋಸಂಬರಿಗೆ ನೆನೆಸಿದ ಹೆಸರುಬೇಳೆ ಜೊತೆ ಹಾಕಬಹುದು. ಅಕ್ಕಿರೊಟ್ಟಿಗೆ ಅರ್ಧ ಡಬ್ಬಿ ಕಾಳನ್ನು ತರಿತರಿಯಾಗಿ ಅರೆದು ಕಲಸುತ್ತೇನೆ. ಇಲ್ಲಿನ ಅಕ್ಕಿಹಿಟ್ಟು ನಮ್ಮದಕ್ಕಿಂತ ಅಂಟು, ನೀರು ನೋಡಿ ಹಾಕಬೇಕು. ಸಾರು, ಹುಳಿ, ಗೊಜ್ಜಿಗೆ ಮಾತ್ರ ಬೇಡವೇ ಬೇಡ.

ಕರಿಯುವುದಾದರೆ ಹುಷಾರು. ಒದ್ದೆ ಕಾಳು ಕಾದ ಎಣ್ಣೆಯಲ್ಲಿ ಪಟಾಕಿ. ನನ್ನ ಎಡಗೈ ಮಣಿಕಟ್ಟಿನ ಮೇಲೆ ಮೂರು ಚುಕ್ಕೆ ಕಲೆಗಳಿವೆ, ಸ್ವೀಟ್‌ಕಾರ್ನ್ ವಡೆಯ ನೆನಪಿಗೆ. ಇಲ್ಲಿಯವರು ‘ಕಾಕಿಆಗೆ’ ಅಂತ ಜೋಳದ ಪಕೋಡ ಮಾಡುವಾಗ ಕಾಳನ್ನು ಕಾಗದದಲ್ಲಿ ಒತ್ತಿ ಒರೆಸಿ, ಮೊದಲು ಒಣಹಿಟ್ಟಿನಲ್ಲಿ ಹೊರಳಿಸಿ, ಆಮೇಲೆ ಕಲಸಿದ ಹಿಟ್ಟಿಗೆ ಹಾಕುತ್ತಾರೆ. ಆ ಹೆಜ್ಜೆಯನ್ನು ನಾನು ಹಾರಿಸಿದ್ದೆ.

ಬೆಂಗಳೂರಿನಲ್ಲಿರುವ ತಂಗಿ ಇದನ್ನೆಲ್ಲ ಕೇಳಿ, "ಹಾಗಾದ್ರೆ ನಾನೂ ಡಬ್ಬಿ ತರ್ಲಾ ಅಣ್ಣಾ?" ಅಂದಳು. ಬೇಡಮ್ಮ ಅಂದೆ. ಸಂತೆಯಲ್ಲಿ ವರ್ಷವಿಡೀ ತೆನೆ ಸಿಗುವ ಊರಲ್ಲಿ ಡಬ್ಬಿಗೆ ದುಡ್ಡು ಕೊಡುವುದು ಸುಮ್ನೆ ದಂಡ. ಬಾಗಿಲು ತೆಗೆದರೆ ಮಂಡಿ ಮಟ್ಟ ಹಿಮ ಇರುವವರ ಮಾತು ಬೇರೆ.

ಡಬ್ಬಿಯಿಂದ ಆಗದ ಒಂದು ಅಡುಗೆ ಉಂಟು. ಮೆಕ್ಕೆಜೋಳದ ರೊಟ್ಟಿ. ಸ್ವೀಟ್‌ಕಾರ್ನ್ ಒಣಗಿದರೆ ಸುಕ್ಕುಗಟ್ಟುತ್ತದೆ, ಅದರಲ್ಲಿ ಪಿಷ್ಟ ಕಡಿಮೆ, ಬೀಸಿದರೂ ನಮ್ಮ ಹಿಟ್ಟಾಗುವುದಿಲ್ಲ. ಅದಕ್ಕೆ ಕೋಳಿ ತಿನ್ನುವ ಆ ಗಟ್ಟಿ ಕಾಳೇ ಬೇಕು. ಮೊನ್ನೆ ಅವ್ವನಿಗೆ ಹೇಳಿದೆ, ಬರುವವರ ಕೈಯಲ್ಲಿ ಎರಡು ಕೆ.ಜಿ. ಹಿಟ್ಟು ಕಳಿಸು ಅಂತ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು:

"ಪ್ಯಾಕೆಟ್‌ನಾಗೆ ಕಳಿಸ್ಲೋ, ಡಬ್ಬೀಗೆ ತುಂಬಿ ಕಳಿಸ್ಲೋ?"