ಹಡಗಿನ ಮರದ ಕತೆ ಸಾಕು

ಇಂಗ್ಲೆಂಡಿನ ನಾರ್ಟನ್ ಸೇಂಟ್ ಫಿಲಿಪ್ ಹಳ್ಳಿಯ ಜಾರ್ಜ್ ಇನ್ (ದಾರಿಹೋಕರು ತಂಗುವ ಹಳೇ ಛತ್ರದಂಥ ಕಟ್ಟಡ) ಕುರಿತ ನಿಮ್ಮ ಲೇಖನ ಇಷ್ಟವಾಯಿತು. ಆದರೆ 'ಇದರ ತೊಲೆಗಳು ಒಡೆದ ಹಡಗುಗಳಿಂದ ಬಂದವು' ಅನ್ನುವ ಸಾಲು ಗಂಟಲಲ್ಲಿ ಇಳಿಯಲಿಲ್ಲ. ಇಂಗ್ಲೆಂಡಿನ ಯಾವ ಹಳೇ ಇನ್‌ಗೆ ಹೋದರೂ ಇದೇ ಕತೆ ಹೇಳುತ್ತಾರೆ, ಸಮುದ್ರ ಎಷ್ಟೇ ದೂರ ಇರಲಿ! ಆ ಕಾಲದ ಬಡಗಿಗಳು ಓಕ್ ಮರವನ್ನು ಹಸಿಯಿದ್ದಾಗಲೇ ಕೆತ್ತಿ, ಮರದ ಗೂಟ ಬಡಿದು ಚೌಕಟ್ಟು ನಿಲ್ಲಿಸುತ್ತಿದ್ದರು. ಒಣಗಿದ ಓಕ್‌ಗೆ ಉಳಿ ಅಷ್ಟು ಸುಲಭಕ್ಕೆ ಇಳಿಯುವುದಿಲ್ಲ. ಗೋಡೆಯಲ್ಲಿ ಕೂತ ಮೇಲೆ ಒಣಗುತ್ತಾ ಮರ ಸೊಟ್ಟಗಾಗುತ್ತದೆ, ಉದ್ದಕ್ಕೆ ಸೀಳು ಬಿಡುತ್ತದೆ. ಆ ಸೊಟ್ಟ ನೋಡಿಯೇ ಜನಕ್ಕೆ ಹಡಗು ನೆನಪಾಗುವುದು. ತೊಲೆಯಲ್ಲಿ ಏನೂ ಕೂರದ ಖಾಲಿ ಕಿಂಡಿ ಕಂಡರೂ ಅಷ್ಟೇ, ಹಳೇ ಮನೆಯದೋ ಕಣಜದ್ದೋ ಮರ ಮತ್ತೆ ಬಳಸಿರುತ್ತಾರೆ.

ಇನ್ನೊಂದು ಮಾತು. 1685ರಲ್ಲಿ ದೊರೆಯ ವಿರುದ್ಧ ದಂಗೆ ಎದ್ದಿದ್ದ ಡ್ಯೂಕ್ ಆಫ್ ಮನ್ಮತ್ ಇಲ್ಲಿ ತಂಗಿದ್ದಕ್ಕೆ ಇಡೀ ಪ್ಯಾರಾ ಕೊಟ್ಟಿದ್ದೀರಿ. ಕೆಳಗೆ ಕಲ್ಲಿನ ಅಂತಸ್ತು, ಅದರ ಮೇಲೆ ಬೀದಿಗೆ ಚಾಚಿದ ಮರದ ಮಹಡಿಗಳು ಯಾಕೆ ಬೇಕಾದವು ಅನ್ನುವುದಕ್ಕೆ ಒಂದು ಸಾಲೂ ಇಲ್ಲ. ಕಟ್ಟಡ ಮೊದಲು ಹಿಂಟನ್ ಮಠದ ಕಾರ್ಥೂಸಿಯನ್ ಪಂಥದ ಕ್ರೈಸ್ತ ಸನ್ಯಾಸಿಗಳದ್ದಾಗಿತ್ತು. ಜಾತ್ರೆಗೆ ಬರುವ ವ್ಯಾಪಾರಿಗಳಷ್ಟೇ ಅಲ್ಲ, ಉಣ್ಣೆ ಮೂಟೆಗಳೂ ಇಲ್ಲಿ ತಂಗಬೇಕಿತ್ತು, ಅದಕ್ಕೇ ಅಷ್ಟು ಜಾಗ ಬೇಕಾದದ್ದು.